ಮೊದಲ ನೀರು

ನುಯಿ ಮದುವೆಯಾಗಿ ಬಂದ ದಿನದಿಂದ ಕೊನೆಯ ನೀರಿನಲ್ಲೇ ಸ್ನಾನ ಮಾಡಿದವಳು. ಕುಮಾಮೊತೊ ಸೀಮೆಯ ನಮ್ಮೂರಿನಲ್ಲಿ ಅನುಕೂಲಸ್ಥರ ಮನೆಗೊಂದು ಒಬ್ಬರು ಇಳಿದು ಕೂರುವಷ್ಟು ದೊಡ್ಡ ಹಂಡೆ, ಸಂಜೆಗೊಂದೇ ಕಾವು, ಎಲ್ಲರಿಗೂ ಅದೇ ನೀರು. ಮೈ ತೊಳೆದುಕೊಂಡು ಮೊದಲು ಇಳಿಯುವವನು ಯಜಮಾನ. ಆಮೇಲೆ ಹಿರಿಯರು, ಗಂಡುಮಕ್ಕಳು, ಹಂಡೆಯಿಲ್ಲದ ಮನೆಗಳಿಂದ ಟವೆಲು ಹೆಗಲಿಗೆ ಹಾಕಿಕೊಂಡು ಬಂದ ನೆರೆಯವರು. ಎಲ್ಲರೂ ಕೂತು ಎದ್ದು, ಹವಾಮಾನವನ್ನೂ ಸರಕಾರವನ್ನೂ ಬೈದು ಮುಗಿಸಿದ ಮೇಲೆ ಮನೆಯ ಹೆಂಗಸಿನ ಸರದಿ. ಅಷ್ಟು ಹೊತ್ತಿಗೆ ನೀರು ಉಗುರುಬೆಚ್ಚಗೆ, ಅಕ್ಕಿ ತೊಳೆದ ನೀರಿನ ಬಣ್ಣ. ಅದರಲ್ಲಿ ಕೂತು ನುಯಿ ದಿನವೂ ಯಾರ ಮೇಲಾದರೂ ಹೊಟ್ಟೆ ಉರಿದುಕೊಳ್ಳುತ್ತಿದ್ದಳು. ನೀರಿಗಿಲ್ಲದ ಬಿಸಿ ಅವಳ ಹೊಟ್ಟೆಯಲ್ಲಾದರೂ ಇರುತ್ತಿತ್ತು.

ಈ ಹಂಡೆಯ ವಿಷಯದಲ್ಲಿ ಇನ್ನೊಂದು ಕಟ್ಟುಪಾಡಿತ್ತು. ಊರಿನಲ್ಲಿ ಪಕ್ಷಗಳು ಎರಡು. ತೋಕಿಯೋದಲ್ಲಿ ಅವಕ್ಕೆ ಏನು ಹೆಸರಿಟ್ಟಿದ್ದರೋ, ನಮಗೆ ಮೇಲ್ಕೇರಿ ಪಕ್ಷ, ಕೆಳಕೇರಿ ಪಕ್ಷ ಅಷ್ಟೇ. ಕ್ಷೌರದವರು ಇಬ್ಬರು, ಸೂಲಗಿತ್ತಿಯರು ಇಬ್ಬರು, ತೋಫು ಅಂಗಡಿ ಎರಡು. ಎದುರುಪಕ್ಷದ ವೈದ್ಯನ ಮದ್ದು ಕುಡಿಯುವುದಕ್ಕಿಂತ ನರಳುವುದೇ ವಾಸಿ ಎಂದು ನರಳಿದ ಮಹಾನುಭಾವರಿದ್ದಾರೆ. ಇನ್ನು ಎದುರುಪಕ್ಷದವರ ಹಂಡೆಗೆ ಇಳಿಯುವ ಮಾತೆಲ್ಲಿ ಬಂತು? ಬಟ್ಟೆ ಬಿಚ್ಚಿ ಒಬ್ಬರ ನೀರಿಗೆ ಇಳಿದವನು ಅವರವನೇ ಆದ ಎಂದು ಊರಿನ ಲೆಕ್ಕ. ಸದಸ್ಯನಾಗಿ ಆಣೆ ಮಾಡಿದರೂ ಜನ ಅಷ್ಟು ನಂಬುತ್ತಿರಲಿಲ್ಲ.

ನುಯಿಯ ಗಂಡ ಕಿಯೊತಾ ಕಿಸಾಕು ಕೆಳಕೇರಿ ಪಕ್ಷದವನು, ಗ್ರಾಮ ಕಚೇರಿಯಲ್ಲಿ ಉಪಾಧ್ಯಕ್ಷ. ಮುದಿ ಅಧ್ಯಕ್ಷರು ಕುರ್ಚಿಯಲ್ಲಿ ತೂಕಡಿಸುತ್ತಿದ್ದರೆ ಊರಿನ ಕೆಲಸವೆಲ್ಲ ಇವನ ಕೊರಳಿಗೆ. ಮಾತು ಕಡಮೆ, ಸಿಟ್ಟು ಇನ್ನೂ ಕಡಮೆ. ಮುದುಕರು ಕೆಳಗಿಳಿದ ಮೇಲೆ ಆ ಕುರ್ಚಿ ಇವನದೇ ಎಂದು ಎಲ್ಲರೂ ಹೇಳುತ್ತಿದ್ದರು. ನುಯಿಯಂತೂ ಅಧ್ಯಕ್ಷರ ಹೆಂಡತಿಯಂತೆ ತಲೆಬಾಗುವುದನ್ನು, ಅಂದರೆ ಬಹಳ ಬಾಗದೆ ಇರುವುದನ್ನು, ಅಡುಗೆಮನೆಯಲ್ಲಿ ಒಬ್ಬಳೇ ಅಭ್ಯಾಸ ಮಾಡಿಕೊಂಡಿದ್ದಳು.

ಅವಳ ಹೊಟ್ಟೆಕಿಚ್ಚಿನ ಬೇರು ಇಪ್ಪತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಒಗಾತಾ ಮನೆಯ ಮೂರನೆಯ ಮಗ ಮಗೊಹಾಚಿಗೆ ಹೆಣ್ಣು ಹುಡುಕುತ್ತಿದ್ದರು. ಮೂರನೆಯ ಮಗನಿಗೆ ಗದ್ದೆಯೂ ಇಲ್ಲ, ಮನೆಯೂ ಇಲ್ಲ. ಪೊಲೀಸ್ ಪೇದೆಯಾಗಿ, ನಮ್ಮ ದೇಶ ಗೆದ್ದು ಆಳುತ್ತಿದ್ದ ತೈವಾನ್‌ಗೆ ಹೊರಟಿದ್ದ. ಮದುವೆ ಮಾತಾಡುವ ಅಜ್ಜಿ ಮೊದಲು ಬಂದದ್ದು ನುಯಿಯ ಮನೆಗೇ.

"ಹಾವು, ಜ್ವರ, ಬೆಟ್ಟದಲ್ಲಿ ತಲೆ ಕಡಿಯೋ ಜನ," ಎಂದಳು ನುಯಿ. "ನನ್ನ ತಲೆ ನನ್ನ ಕುತ್ತಿಗೆ ಮೇಲೇ ಚೆನ್ನಾಗಿದೆ ಅಜ್ಜಿ. ಅದನ್ನ ಯಾಕೆ ಅಲ್ಲೀತನಕ ಹೊತ್ಕೊಂಡು ಹೋಗಿ ಕೊಡ್ಲಿ?"

ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಬರಿಗೈಲಿ ಹೋಗಬಾರದೆಂದು ಅಜ್ಜಿ ಪಕ್ಕದ ಓಣಿಗೆ ಹೋಗಿ, ನುಯಿಯ ಚಿಕ್ಕಮ್ಮನ ಮಗಳು ತೊಕಿಯನ್ನು ಕೇಳಿದಳು. ಚಪ್ಪಟೆ ಮೂಗಿನ, ಮಾತಿಗೆ ಮುಂಚೆ ನೆಲ ನೋಡುವ ಹುಡುಗಿ. ಅವಳು ಹೂಂ ಅಂದಳು. ಹಡಗು ಹೊರಡುವ ದಿನ ನುಯಿ ಬಂದರಿಗೆ ಹೋಗಿ ಅವಳ ಕೈಗೆ ಒಂದು ಬಾಚಣಿಗೆ ಕೊಟ್ಟು, "ಜೋಪಾನ ಕಣೇ ಪಾಪ," ಎಂದು ಕಣ್ಣೊರೆಸಿಕೊಂಡಳು. ಹಾಗೆ ಮರುಗುವುದು ಅವಳಿಗೆ ಬಹಳ ರುಚಿಸಿತ್ತು.

ಆ ರುಚಿ ಮೂರು ವರ್ಷ ಬಾಳಿತು. ನಾಲ್ಕನೆಯ ವರ್ಷ ಚಿಕ್ಕಮ್ಮನ ಮನೆಗೆ ಒಂದು ಫೋಟೋ ಬಂತು. ಬಿಳಿ ಸಮವಸ್ತ್ರ, ಸೊಂಟದಲ್ಲಿ ಕತ್ತಿ, ಕುರ್ಚಿಯ ಮೇಲೆ ಮಗೊಹಾಚಿ. ಪಕ್ಕದಲ್ಲಿ ಕೊಡೆಯ ಕೆಳಗೆ ತೊಕಿ. ಕೊಡೆಯೇನೋ ಅವಳ ತಲೆಯ ಮೇಲಿತ್ತು, ಹಿಡಿದ ಕೈ ಆಳಿನದು. ಸಮುದ್ರ ದಾಟಿದ್ದಕ್ಕೇ ಸಂಬಳ ಒಂದೂವರೆ ಪಾಲು, ಅಲ್ಲಿ ಕಳೆದ ವರ್ಷಗಳು ಪಿಂಚಣಿಯ ಲೆಕ್ಕದಲ್ಲಿ ಹಿಗ್ಗುತ್ತವೆ, ಇಲ್ಲಿಯ ಪೇದೆ ಅಲ್ಲಿ ಹತ್ತಾರು ಹಳ್ಳಿಗೆ ದೊರೆ ಎಂದು ಚಿಕ್ಕಮ್ಮ ಕೇಳಿದವರಿಗೂ ಕೇಳದವರಿಗೂ ಹೇಳಿದಳು. ನುಯಿ ಫೋಟೋ ನೋಡಿ, "ಮೂಗು ಹಾಗೇ ಇದೆ," ಎಂದಷ್ಟೇ ಹೇಳಿ ಮನೆಗೆ ಬಂದಳು. ಅವತ್ತು ಅನ್ನ ಸೀದುಹೋಯಿತು.

ಆಮೇಲೆ ಶೋವಾ ನಾಲ್ಕನೆಯ ವರ್ಷದ, ಅಂದರೆ 1929ರ, ಬೇಸಗೆಯಲ್ಲಿ ತೋಕಿಯೋದ ಮಂತ್ರಿಮಂಡಲ ಬಿತ್ತು. ಅಲ್ಲಿ ಮಂತ್ರಿಮಂಡಲ ಬಿದ್ದರೆ ತೈವಾನ್‌ನಲ್ಲಿ ಎಲ್ಲರ ಮೇಲಿನ ದೊರೆ ಬದಲು, ದೊರೆ ಬದಲಾದರೆ ಅವನ ಬಾಲ ಹಿಡಿದವರೆಲ್ಲ ಹಡಗು ಹತ್ತಬೇಕು. ಸಮುದ್ರದಾಚೆಯ ಹುದ್ದೆಗಳೆಂದರೆ ಎರಡೂ ಪಕ್ಷಗಳಿಗೆ ತಮ್ಮವರಿಗೆ ಬಡಿಸುವ ಪಂಕ್ತಿ. ಮಗೊಹಾಚಿಯನ್ನು ಮೇಲೆತ್ತಿದ ದೊಡ್ಡ ಮನುಷ್ಯರು ಎಲೆಯ ಮುಂದಿನಿಂದ ಎದ್ದರು, ಅವರ ಹಿಂದೆ ಇವನೂ ಎದ್ದ. ಎದ್ದು ಬಂದವನು ಸುಮ್ಮನೆ ಬರಲಿಲ್ಲ. ಪಿಂಚಣಿ, ಪದಕ, ಅರಮನೆ ಕೊಟ್ಟ ಚಿಕ್ಕದೊಂದು ಪದವಿ, ಕರ್ಪೂರದ ಮರದ ಪೆಟ್ಟಿಗೆಗಳು, ಬಿಳಿ ಸಕ್ಕರೆಯ ಮೂಟೆ ಎಲ್ಲವನ್ನೂ ತಂದು ಮೇಲ್ಕೇರಿಯಲ್ಲಿ ಹೊಸ ಮನೆ ಕಟ್ಟಿಸಿದ. ಮೇಲ್ಕೇರಿ ಪಕ್ಷದವರು ಅವನನ್ನು ತಲೆಯ ಮೇಲೆ ಕೂರಿಸಿಕೊಂಡರು. ಹತ್ತು ಸಾವಿರ ಜನರನ್ನು ಆಳಿದವನಿಗೆ ನಮ್ಮೂರು ಯಾವ ಲೆಕ್ಕ ಎಂದು ಅಧ್ಯಕ್ಷ ಸ್ಥಾನಕ್ಕೆ ಅವನ ಹೆಸರೆತ್ತಿದರು.

ಚಳಿಗಾಲದಲ್ಲಿ ರಾಜ್ಯಸ್ಥಾಪನೆಯ ಹಬ್ಬಕ್ಕೆ ಶಾಲೆಯಲ್ಲಿ ಎಲ್ಲರೂ ಸೇರಿದರು. ಅಧ್ಯಕ್ಷರ ಪಕ್ಕದ ಕುರ್ಚಿ ವರ್ಷ ವರ್ಷವೂ ಕಿಸಾಕುವಿನದು. ಈ ಸಲ ಅಲ್ಲಿ ಎದೆಗೆ ಪದಕ ತೂಗಿಸಿಕೊಂಡು ಮಗೊಹಾಚಿ ಕೂತ. ಕಿಸಾಕು ಒಂದು ಕುರ್ಚಿ ಕೆಳಗೆ, ದನದ ವೈದ್ಯನ ಪಕ್ಕಕ್ಕೆ ಸರಿದ. ಹೆಂಗಸರ ಸಾಲಿನಿಂದ ನುಯಿ ಅದನ್ನು ನೋಡಿದಳು. ಅವಳ ಮುಂದೆಯೇ ತೊಕಿ ನಿಂತಿದ್ದಳು. ಕಪ್ಪು ರೇಷ್ಮೆ, ಅದರಿಂದ ತೇಲಿಬರುವ ಕರ್ಪೂರದ ವಾಸನೆ. ಸಮಾರಂಭವಿಡೀ ಆ ವಾಸನೆ ನುಯಿಯ ಮೂಗಿಗೆ ಬಡಿಯುತ್ತಲೇ ಇತ್ತು.

ಮನೆಗೆ ಬಂದವಳೇ ಗಂಡನ ಮೇಲೆ ಹರಿಹಾಯ್ದಳು. "ಕುರ್ಚಿ ಹಾಕಿಸಿದ್ದು ಯಾರ್ರೀ?"

"ನಾನೇ."

"ನೀವೇ ಅವನನ್ನ ನಿಮ್ಮ ತಲೆ ಮೇಲೆ ಕೂರಿಸಿಕೊಂಡ್ರಾ?"

"ನಿಯಮ ಕಣೇ. ಅರಮನೆ ಪದವಿ ಅವನಿಗಿದೆ, ನನಗಿಲ್ಲ." ಕಿಸಾಕು ಕಾಲುಚೀಲ ಬಿಚ್ಚುತ್ತ ಹೇಳಿದ. "ಕುರ್ಚಿ ಬಿಡು. ಮುಂದಿನ ತಿಂಗಳು ಮುದುಕರು ಕೆಳಗಿಳೀತಾರೆ, ಹೊಸ ಅಧ್ಯಕ್ಷನಿಗೆ ಗ್ರಾಮಸಭೆ ಸದಸ್ಯರು ಮತ ಹಾಕ್ತಾರೆ. ನಮ್ಮ ಕಡೆ ಒಬ್ಬ ಜಾಸ್ತಿ ಇದಾನೆ, ಅಷ್ಟು ಸಾಕು. ಅಲ್ಲೀವರೆಗೆ ನೀನು ಮೇಲ್ಕೇರಿ ಕಡೆ ತಲೆ ಹಾಕಿಯೂ ಮಲಗಬೇಡ."

ನುಯಿ ತಲೆಯೇನೂ ಆ ಕಡೆ ಹಾಕಿ ಮಲಗಲಿಲ್ಲ. ಆದರೆ ನಿದ್ದೆಯೂ ಬರಲಿಲ್ಲ. ಆ ರೇಷ್ಮೆ ತನ್ನದಾಗಬೇಕಿತ್ತು. ಆ ಕೊಡೆ, ಆ ಆಳು, ಆ ವಾಸನೆ ಎಲ್ಲ ತನ್ನ ಬಾಗಿಲಿಗೆ ಬಂದು, ತಾನು ನಕ್ಕಿದ್ದಕ್ಕೆ ಪಕ್ಕದ ಓಣಿಗೆ ಹೋದವು. ಗಂಡ ಒಳ್ಳೆಯವನೇ. ಆದರೆ ಒಳ್ಳೆಯತನವನ್ನು ಉಟ್ಟುಕೊಂಡು ಶಾಲೆಗೆ ಹೋಗಲಿಕ್ಕಾಗುತ್ತದೆಯೇ? ಅಧ್ಯಕ್ಷರ ಹೆಂಡತಿ ಎಂಬ ಹೆಸರೊಂದು ದಕ್ಕಿಬಿಟ್ಟರೆ ಸಾಕು, ತೊಕಿ ತನ್ನ ಮುಂದೆ ತಲೆಬಾಗಲೇಬೇಕು. ಅದೊಂದನ್ನೇ ನೆನೆದು ದಿನ ದೂಡಿದಳು.

ಮತ ಹಾಕಲು ಮೂರು ದಿನವಿರುವಾಗ, ಕಿಸಾಕು ಜಿಲ್ಲಾ ಕಚೇರಿಗೆ ಹೋಗಿದ್ದ ಮಧ್ಯಾಹ್ನ, ತೊಕಿ ಹಿತ್ತಲ ಬಾಗಿಲಿಗೇ ಬಂದು ನಿಂತಳು. ಮೈಮೇಲೆ ಮಾಮೂಲಿ ಹತ್ತಿಯ ಬಟ್ಟೆ.

"ನುಯಿ ಅಕ್ಕ, ಬಂದು ಆರು ತಿಂಗಳಾಯ್ತು. ಒಂದು ದಿನಾನೂ ಬಾ ಅಂತ ಕರೀಲಿಲ್ಲ ನೀನು."

"ನಿಮ್ಮದು ಮೇಲ್ಕೇರಿ, ನಮ್ಮದು ಕೆಳಕೇರಿ. ಕರೆದ್ರೆ ಊರು ಸುಮ್ನಿರುತ್ತಾ?"

"ಗಂಡಸರ ಪಕ್ಷ ಗಂಡಸರಿಗೆ. ನನಗಿರೋದು ಒಬ್ಬಳೇ ಅಕ್ಕ." ತೊಕಿ ಹಿಂದಿನಂತೆಯೇ ನೆಲ ನೋಡಿದಳು. "ತೈವಾನ್ ಬೆಟ್ಟದ ಮರದ್ದು ಸ್ನಾನದ ತೊಟ್ಟಿ ಮಾಡಿಸಿದೀವಿ. ನಮ್ಮನೇವ್ರು ಊರಲ್ಲಿಲ್ಲ. ಇವತ್ತು ನೀರು ಕಾಸ್ತೀನಿ, ಬಂದು ನೀನು ಮೊದಲು ಇಳೀಬೇಕು."

"ಮೊದಲಾ?"

"ಮೊದಲ ನೀರು ನಿನಗೇ. ಆಮೇಲೆ ನಾನು."

ಬೇರೇನು ಆಸೆ ತೋರಿಸಿದ್ದರೂ ನುಯಿ ಬೇಡವೆನ್ನುತ್ತಿದ್ದಳೋ ಏನೋ. ಇಪ್ಪತ್ತು ವರ್ಷ ಎಲ್ಲರ ಕೊನೆಗೆ ನೀರಿಗಿಳಿದವಳಿಗೆ ಈ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಅದಕ್ಕಿಂತ ಹೆಚ್ಚಾಗಿ, ಆ ಮನೆಯ ಒಳಗೆ ಏನೇನಿದೆ ಎಂದು ಒಂದು ಸಲ ಕಣ್ಣಾರೆ ನೋಡಿ ಹೊಟ್ಟೆ ತುಂಬ ಉರಿದುಕೊಳ್ಳುವ ಚಪಲ. ತಲೆಗೆ ಬಟ್ಟೆ ಸುತ್ತಿಕೊಂಡು ಗದ್ದೆಯ ಬದುವಿನ ಮೇಲೆ ಹೋದಳು.

ನೋಡಿದಳು. ಊರು ಹೇಳಿದಂತೆ ಪೆಟ್ಟಿಗೆಗಳು ಮೂರಲ್ಲ, ಐದು. ಚಾಪೆಯ ಅಂಚಿಗೆ ಜರಿ. ತೊಟ್ಟಿಯ ಮರ ಹೊಸದಾಗಿ ಕಡಿದಂತೆ ಘಮಘಮ. ನೀರು ತಿಳಿಯಾಗಿ, ತಳದ ಹಲಗೆಯ ಗೆರೆ ಕಾಣುವಷ್ಟು ತಿಳಿಯಾಗಿ ಹಬೆಯಾಡುತ್ತಿತ್ತು. ಅದರೊಳಗೆ ಕುತ್ತಿಗೆಯವರೆಗೆ ಇಳಿದಾಗ ನುಯಿಯ ಬಾಯಿಂದ ತಾನಾಗಿ ಒಂದು ನರಳಿಕೆ ಹೊರಟಿತು. ಇಷ್ಟು ವರ್ಷ ಗಂಡಸರು ದಿನಾ ಈ ಸುಖ ಅನುಭವಿಸಿ ಏನೂ ಆಗದವರಂತೆ ಬಂದು ಊಟಕ್ಕೆ ಕೂರುತ್ತಿದ್ದರಲ್ಲ ಎಂದು ಅವರೆಲ್ಲರ ಮೇಲೂ ಅವಳಿಗೆ ಕೋಪ ಬಂತು.

ತೊಕಿ ಅವಳನ್ನು ಹೊರಗೆ ಕೂರಿಸಿ ಬೆನ್ನುಜ್ಜಿದಳು, ಮತ್ತೆ ನೀರಿಗಿಳಿಸಿದಳು. ಮಾತಿಗೆ ಮಾತು ಬಂದು ತೈವಾನ್ ಬಂತು.

"ಅಲ್ಲಿನ ಜನರನ್ನ ನಿಮ್ಮನೇವ್ರು ಹೇಗೆ ಹಿಡಿತದಲ್ಲಿ ಇಟ್ಟುಕೊಂಡಿದ್ರು?" ನುಯಿ ಕೇಳಿದಳು. "ಕತ್ತೀಲಾ?"

"ಕತ್ತಿ ಫೋಟೋಕ್ಕೆ ಅಕ್ಕ. ಹತ್ತು ಹತ್ತು ಮನೆ ಒಂದು ಗುಂಪು. ಒಬ್ಬ ತಪ್ಪು ಮಾಡಿದ್ರೆ ಹತ್ತು ಮನೆಗೂ ದಂಡ. ಹಾಗಾಗಿ ಅವರವರೇ ಕಾಯ್ಕೋತಿದ್ರು." ತೊಕಿ ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದಳು. "ಒಂದು ಊರಲ್ಲಿ ಒಬ್ಬ ಹಿರೀಕ ಇದ್ದ. ಜನ ಎಲ್ಲ ಅವನ ಮಾತೇ ಕೇಳೋರು. ಇವರು ಅವನನ್ನ ಬೈಲಿಲ್ಲ, ಹಿಡೀಲಿಲ್ಲ. ಸಂತೆ ದಿನ ಎಲ್ಲರೂ ನೋಡೋ ಹಾಗೆ ಠಾಣೆ ಜಗಲಿಗೆ ಕರೆದು ಟೀ ಕೊಟ್ರು. ಹೋಗೋವಾಗ ಗೇಟಿನ ತನಕ ಬಂದು ತಲೆಬಾಗಿದ್ರು. ಅಷ್ಟೇ."

"ಅಷ್ಟೇನಾ?"

"ಸಾಯಂಕಾಲದ ಹೊತ್ತಿಗೆ ಊರಲ್ಲಿ ಒಬ್ಬರೂ ಅವನನ್ನ ಮಾತಾಡಿಸಲಿಲ್ಲ. ಏನು ಮಾರಿಕೊಂಡು ಬಂದೆ ಅಂತ ಕೇಳಿದ್ರು. ಟೀ ಕುಡಿದೆ ಅಂದ ಅವನು. ಯಾರು ನಂಬ್ತಾರೆ? ಆಮೇಲೆ ಊರು ಬಿಟ್ಟ. ಅವನ ಹೆಂಡತಿ ಮಾತ್ರ ಬಂದು ನಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಏನೂ ಕೇಳಲಿಲ್ಲ. ಸುಮ್ನೆ ಕೂತಿದ್ದು ಹೋದಳು."

"ಪೆದ್ದ! ಟೀಗೆ ಆಸೆಪಟ್ಟು ಹೋದ್ನಲ್ಲ!" ನುಯಿ ನೀರು ಚಿಮ್ಮುವಂತೆ ನಕ್ಕಳು. ತೊಕಿಯೂ ಸ್ವಲ್ಪ ನಕ್ಕಳು.

ಮೈಯೆಲ್ಲ ಕೆಂಪಾಗಿ, ಒದ್ದೆಕೂದಲು ಗಂಟು ಹಾಕಿಕೊಂಡು ನುಯಿ ಹೊರಡುವಾಗ ಇನ್ನೂ ಬೆಳಕಿತ್ತು. ಬದುವಿನ ದಾರಿ ಬೇಡ, ಜಾರುತ್ತದೆ ಎಂದು ತೊಕಿ ಅವಳನ್ನು ಮುಂಬಾಗಿಲಿನಿಂದಲೇ ಕರೆತಂದು, ಕೈಗೆ ಬಿಳಿ ಸಕ್ಕರೆಯ ಪೊಟ್ಟಣ ಇಟ್ಟಳು. ಅದೇ ಹೊತ್ತಿಗೆ ರಸ್ತೆಯಲ್ಲಿ ತುತ್ತೂರಿ ಊದಿಕೊಂಡು ತೋಫು ಮಾರುವ ಸೆಕಿ ಬರುತ್ತಿದ್ದಳು. ಕೆಳಕೇರಿ ಪಕ್ಷದ ಸದಸ್ಯ ಇವಾಕಿಚಿಯ ಹೆಂಡತಿ. ಮೇಲ್ಕೇರಿಯಲ್ಲಿ ಅವಳದು ಒಂದು ತುಂಡೂ ಮಾರುವುದಿಲ್ಲ, ಆದರೆ ಕೆಳಕೇರಿಗೆ ಅದೇ ದಾರಿ, ದಿನಾ ಅದೇ ಹೊತ್ತು.

ತೊಕಿ ಗೇಟಿನ ಬಳಿ ನಿಂತು ಸೊಂಟದವರೆಗೆ ಬಾಗಿ, ಸ್ಪಷ್ಟವಾಗಿ ಹೇಳಿದಳು. "ಬಂದಿದ್ದಕ್ಕೆ ಬಹಳ ಸಂತೋಷ. ಉಪಾಧ್ಯಕ್ಷರಿಗೆ ನಮ್ಮನೇವ್ರ ನಮಸ್ಕಾರ ತಿಳಿಸಿ. ಆ ಮಾತು ಮರೀಬಾರದು ಅಂತ ಹೇಳಿ."

ಯಾವ ಮಾತು ಎಂದು ನುಯಿಗೆ ತಿಳಿಯಲಿಲ್ಲ. ಕೇಳಬೇಕೆಂದೂ ಅನಿಸಲಿಲ್ಲ. ತೊಕಿ ತನಗೆ ಅಷ್ಟು ಬಾಗಿದಳು, ಅದೂ ನಡುರಸ್ತೆಯಲ್ಲಿ, ಅದೂ ಒಬ್ಬರು ನೋಡುವಾಗ! ಅವಳು ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದಷ್ಟೇ, ಬಹಳ ಬಾಗದೆ, ತಲೆ ತಗ್ಗಿಸಿ ಹೊರಟಳು. ಸೆಕಿಯ ತುತ್ತೂರಿ ನಿಂತುಹೋದದ್ದು ಅವಳ ಕಿವಿಗೆ ಬೀಳಲಿಲ್ಲ.

ಮತದ ದಿನ ಮಧ್ಯಾಹ್ನ ಸುದ್ದಿ ತಂದವಳು ಆ ಸೆಕಿಯೇ. ತೋಫುವಿನ ಬುಟ್ಟಿ ಕೆಳಗಿಡದೆ, ಬಾವಿಯ ಹತ್ತಿರವೇ ನಿಂತು ಹೇಳಿದಳು. "ಒಗಾತಾ ಮಗೊಹಾಚಿ ಗೆದ್ದ. ಒಂದು ಮತ."

"ನಮ್ಮ ಕಡೆ ಒಬ್ಬ ಜಾಸ್ತಿ ಇದ್ದನಲ್ಲ?"

"ಇದ್ದರು. ನಮ್ಮೆಜಮಾನ್ರೇ. ಅವರು ಆ ಕಡೆ ಹಾಕಿದ್ರು." ಸೆಕಿ ನುಯಿಯ ಮುಖವನ್ನು ನೇರ ನೋಡಿದಳು. "ಎಲ್ಲರ ಮುಂದೆ ಹೇಳಿಯೇ ಹಾಕಿದ್ರು. ಉಪಾಧ್ಯಕ್ಷರ ಹೆಂಡ್ತಿ ಆ ಮನೇಲಿ ಬೆನ್ನುಜ್ಜಿಸಿಕೊಂಡು ಸಕ್ಕರೆ ಹಿಡ್ಕೊಂಡು ಬಂದ ಮೇಲೆ, ಒಳಗೊಳಗೇ ವ್ಯಾಪಾರ ಮುಗಿದಿದೆ ಅಂತಾಯ್ತು. ಎಲ್ಲರೂ ಒದ್ದೆಯಾದ ಮೇಲೆ ನಾನೊಬ್ಬ ಯಾಕೆ ಒಣಗಿಕೊಂಡಿರಲಿ ಅಂದ್ರು."

"ನಮ್ಮನೇವ್ರು ಏನಂದ್ರು?"

"ಏನಂತಾರೆ? ಅವರಿಗೆ ಗೊತ್ತೇ ಇರಲಿಲ್ಲ ಅಂತ ಕಾಣುತ್ತೆ. ನಿನ್ನ ಗಂಡನ ಮುಖ ನೋಡೋಕಾಗಲಿಲ್ಲವಂತೆ."

ನುಯಿ ಕೊಡವನ್ನು ಅಲ್ಲೇ ಬಿಟ್ಟು ಮೇಲ್ಕೇರಿಗೆ ಓಡಿದಳು. ತಲೆಗೆ ಬಟ್ಟೆ ಸುತ್ತಿಕೊಳ್ಳಲಿಲ್ಲ, ಬದುವಿನ ದಾರಿ ಹಿಡಿಯಲಿಲ್ಲ. ಆ ಮನೆಯ ಮೆಟ್ಟಿಲು ಮುಟ್ಟಿ ಅಲ್ಲೇ ಕೂತಳು.

ತೊಕಿ ಬಾಗಿಲು ತೆರೆದು ನೋಡಿದಳು.

"ಆ ಹಿರೀಕನ ಹೆಂಡತೀನೂ ಸರಿಯಾಗಿ ಹೀಗೇ ಕೂತಿದ್ದಳು," ಎಂದಳು.

"ಬೇಕಂತಲೇ ಮಾಡಿದೆಯಾ?"

"ಬಾ ಅಂದೆ, ಬಂದೆ. ಹೇಳಿದ್ದೆನಲ್ಲ ಅಕ್ಕ, ನೀನು ನೀರಲ್ಲಿ ಕೂತಿದ್ದಾಗಲೇ ಎಲ್ಲಾ ಹೇಳಿದ್ದೆ. ನೀನು ನಕ್ಕೆ."

"ನಾನು ನಿನಗೇನು ಮಾಡಿದ್ದೆನೇ?"

ತೊಕಿ ಈ ಸಲ ನೆಲ ನೋಡಲಿಲ್ಲ. "ಏನೂ ಮಾಡಲಿಲ್ಲ. ನೀನು ಬೇಡ ಅಂದಿದ್ದು ನನ್ನ ತಟ್ಟೆಗೆ ಬಿತ್ತು, ಅಷ್ಟೇ. ಬಂದರಿನಲ್ಲಿ ಬಾಚಣಿಗೆ ಕೊಟ್ಟು ಪಾಪ ಅಂದೆಯಲ್ಲ, ಆ ಮಾತು ಇಪ್ಪತ್ತು ವರ್ಷ ನನ್ನ ಕಿವೀಲೇ ಇತ್ತು. ನಮ್ಮನೇವ್ರಿಗೂ ಕುಡಿದಾಗೆಲ್ಲ ನಿನ್ನದೇ ಮಾತು. ಮೊದಲು ಕೇಳಿದ್ದು ನುಯಿಯನ್ನ, ಅವಳು ಚೆಲುವೆ ಅಂತ. ನೀನು ಕೆಳಕೇರೀಲಿ ನಿನ್ನ ಗಂಡನ ಜೊತೆ ಸುಖವಾಗಿದೀಯ ಅಂತ ಅಮ್ಮ ಹೇಳಿಕಳಿಸೋಳು. ನನಗೆ ಎಷ್ಟು ಉರೀತಿತ್ತು ಗೊತ್ತಾ ಅಕ್ಕ?"

ನುಯಿಗೆ ಗೊತ್ತಿತ್ತು. ಆ ಉರಿಯ ವಿಷಯ ಈ ಲೋಕದಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಎದ್ದು ಬಂದಳು.

ಸಂಜೆ ಕಿಸಾಕು ಬಂದಾಗ ಹಂಡೆಯ ನೀರು ಕಾದಿತ್ತು. ಅವನು ಕಾಲುಚೀಲ ಬಿಚ್ಚಿ, ಮಡಿಚಿಟ್ಟು, ಜಗಲಿಯಲ್ಲಿ ಕೂತ. ಅವತ್ತು ಸ್ನಾನಕ್ಕೆ ನೆರೆಯವರು ಯಾರೂ ಬರಲಿಲ್ಲ. ಅವನು ಬೈಯಲಿ, ಬೇಕಾದರೆ ಕೈಯೆತ್ತಲಿ ಎಂದು ನುಯಿ ಕಾದಳು.

"ಅವರ ಮನೆ ನೀರು ಬಿಸಿ ಇತ್ತಾ?" ಎಂದು ಕೇಳಿದ.

"ಇತ್ತು."

"ಮೊದಲು ನೀನೇ ಇಳಿದೆಯಾ?"

"ಹೂಂ."

ಕಿಸಾಕು ತಲೆಯಾಡಿಸಿದ. "ಅಷ್ಟು ಆಸೆ ಇತ್ತು ಅಂತ ನನಗೊಂದು ಮಾತು ಹೇಳಬಹುದಿತ್ತು. ಹೋಗು. ಇಲ್ಲೂ ನೀನೇ ಮೊದಲು ಹೋಗು."

ಅದು ಪ್ರೀತಿಯೋ ಶಿಕ್ಷೆಯೋ ನುಯಿಗೆ ತಿಳಿಯಲಿಲ್ಲ. ಹೋದಳು. ನೀರು ಸುಡುವಷ್ಟು ಬಿಸಿಯಿತ್ತು. ಹೊರಗೆ ಗಂಡ ತನ್ನ ಸರದಿಗಾಗಿ ಕಾಯುತ್ತ ಕೆಮ್ಮುವುದು ಕೇಳುತ್ತಿತ್ತು. ಬಾಯಿಗೆ ಟವೆಲು ತುರುಕಿಕೊಂಡು ಅತ್ತಳು.

ಮಗೊಹಾಚಿಯ ಆಡಳಿತ ಬಂತು. ಒಂದೆರಡು ವರ್ಷದೊಳಗೆ ಊರನ್ನು ಹತ್ತು ಹತ್ತು ಮನೆಗಳ ಗುಂಪಾಗಿ ಕಟ್ಟಿ, ಒಂದು ಮನೆಯ ಮುಂದೆ ಕಸವಿದ್ದರೆ ಹತ್ತೂ ಮನೆಯವರು ಕಚೇರಿ ಮುಂದೆ ನಿಲ್ಲಬೇಕೆಂದ. ಜನ ಮೊದಮೊದಲು ಗೊಣಗಿದರು, ಆಮೇಲೆ ಒಬ್ಬರ ಅಂಗಳ ಒಬ್ಬರು ಇಣುಕಿ ನೋಡುವುದನ್ನು ಕಲಿತರು. ಮೇಲ್ಕೇರಿ ಕೆಳಕೇರಿ ಜಗಳ ತಣ್ಣಗಾಗುತ್ತ ಬಂತು. ತೋಕಿಯೋದಲ್ಲೂ ಪಕ್ಷಗಳಿಗೆ ಮೊದಲಿನ ಕಸುವು ಉಳಿದಿರಲಿಲ್ಲ. ಕಿಸಾಕು ಉಪಾಧ್ಯಕ್ಷನಾಗಿಯೇ ಉಳಿದು, ಪ್ರತಿ ವರ್ಷ ಶಾಲೆಯಲ್ಲಿ ಕುರ್ಚಿಗಳನ್ನು ಹಾಕಿಸಿ, ತಾನು ಕೆಳಗಿನದರಲ್ಲಿ ಕೂತ. ಊರು ಅವನನ್ನು ಮತ್ತೆ ಪೂರ್ತಿ ನಂಬಲಿಲ್ಲ. ಅವನು ಒಂದು ದಿನವೂ ಆ ಮಾತೆತ್ತಲಿಲ್ಲ. ಸಂಜೆ ಹಂಡೆ ಕಾದಾಗ ಮಾತ್ರ, "ನೀನು ಮೊದಲು ಹೋಗು," ಎನ್ನುತ್ತಿದ್ದ. ಬೇಡವೆಂದರೆ ಕೇಳುತ್ತಿರಲಿಲ್ಲ.

ಅವನು ತೀರಿಕೊಂಡ ಚಳಿಗಾಲ, ಕಾರ್ಯವೆಲ್ಲ ಮುಗಿದ ಮೇಲೆ ಒಂದು ಸಂಜೆ ನುಯಿ ಹಂಡೆಗೆ ನೀರು ತುಂಬಿ ಕಾಸಿದಳು. ಕಾದ ಮೇಲೆ ಒಲೆಯ ಮುಂದೆ ಕೂತಳು. ಯಾರಾದರೂ ಮೊದಲು ಇಳಿಯಲಿ ಎಂದು ಕಾಯುತ್ತಿರುವವಳಂತೆ ಕೂತೇ ಇದ್ದಳು. ಕಿಸಾಕು ಸ್ನಾನ ಮುಗಿಸಿ ಎದ್ದು ಬಂದು ಊಟಕ್ಕೆ ಕೂತ ಮೇಲೆ, ಅವನ ಮೈಯ ಬಿಸಿ ಇನ್ನೂ ಉಳಿದ ಆ ಮಬ್ಬು ನೀರಿಗೆ ಒಬ್ಬಳು ಇಳಿಯುತ್ತಿದ್ದಳಲ್ಲ, ದಿನಾ ಗೊಣಗಿಕೊಂಡು, ಊರವರ ರೇಷ್ಮೆಯನ್ನೆಲ್ಲ ಎಣಿಸಿಕೊಂಡು ಕೂರುತ್ತಿದ್ದಳಲ್ಲ, ಆ ಹಳೆಯ ನುಯಿಯ ನೆನಪಾಯಿತು. ಅವಳ ಮೇಲೆ ಆಗ ಹುಟ್ಟಿದಷ್ಟು ಹೊಟ್ಟೆಕಿಚ್ಚು ನುಯಿಗೆ ತೊಕಿಯ ಮೇಲೂ ಎಂದೂ ಹುಟ್ಟಿರಲಿಲ್ಲ.